ಸರ್, ಎರಡೇ ನಿಮಿಷ ಮಾತಾಡಬಹುದಾ?

ಬೆಂಗಳೂರಿನ ಸಾಫ್ಟ್‌ವೇರ್‌ ಕಂಪನಿಯಲ್ಲಿ ಕೆಲಸ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವ ಚಿತ್ರ ಒಂದೇ. ಕಿವಿಗೆ ಹೆಡ್‌ಫೋನ್‌ ಹಾಕಿಕೊಂಡು, ಕಪ್ಪು ಪರದೆಯ ಮೇಲೆ ಬಣ್ಣಬಣ್ಣದ ಅಕ್ಷರ ಕುಟ್ಟುತ್ತಾ ಕೂತ ಹುಡುಗನೋ ಹುಡುಗಿಯೋ. ಆದರೆ ಹಾಗೆ ಕುಟ್ಟಿದ್ದನ್ನು ಯಾರಾದರೂ ದುಡ್ಡು ಕೊಟ್ಟು ತಗೋಬೇಕಲ್ಲ? ತಗೊಳ್ಳುವಂತೆ ಮಾಡುವುದು ನನ್ನ ಕೆಲಸ. ಏಳು ವರ್ಷದಿಂದ ಸಾಫ್ಟ್‌ವೇರ್‌ ಕಂಪನಿಯ ಸೇಲ್ಸ್‌ ವಿಭಾಗದಲ್ಲಿದ್ದೇನೆ. ಇವತ್ತಿನವರೆಗೂ ಒಂದು ಸಾಲು ಕೋಡ್‌ ಬರೆದಿಲ್ಲ.

ಇದನ್ನು ಊರಿನಲ್ಲಿ ವಿವರಿಸುವುದಕ್ಕಿಂತ ಸಾಫ್ಟ್‌ವೇರ್‌ ಮಾರುವುದೇ ಸುಲಭ. ತಿಪಟೂರಿನಲ್ಲಿ ಯಾರಾದರೂ ಕೇಳಿದರೆ ಅಮ್ಮ "ಸಾಫ್ಟ್‌ವೇರ್‌ನಲ್ಲಿದ್ದಾಳೆ" ಅಂತಷ್ಟೇ ಹೇಳಿ ಕಾಫಿ ತರಲು ಒಳಗೆ ಹೋಗಿಬಿಡುತ್ತಾಳೆ. ದೊಡ್ಡಮ್ಮ ಮಾತ್ರ ನೇರ. "ಅಲ್ಲ ಕಣೇ, ಇಂಜಿನಿಯರಿಂಗ್‌ ಓದ್ಸಿದ್ದು ಸಾಮಾನು ಮಾರೋಕಾ?" ಎನ್ನುತ್ತಾರೆ. ಒಂದು ಸಲ ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯ ಹಿರಿಯರೊಬ್ಬರು ಕೇಳಿದ್ದರು: "ಸಂಬಳ ಪೂರ್ತಿ ಫಿಕ್ಸೋ, ಇಲ್ಲ ಮಾರಿದಷ್ಟಕ್ಕೋ?" ಸಂಬಂಧ ಕುದುರಲಿಲ್ಲ. ಆದರೆ ಈ ಕೆಲಸಕ್ಕೆ ಸೇರುವ ಮೊದಲು ಎಲ್ಲರೂ ಕೇಳಬೇಕಾದ ಪ್ರಶ್ನೆ ಅದೇ.

ನನ್ನ ಕೆಲಸ ಮನೆಯಲ್ಲಿ ಮೊದಲು ಅರ್ಥವಾಗಿದ್ದು ಅಪ್ಪನಿಗೆ. ಅಪ್ಪನದು ಕೊಬ್ಬರಿ ವ್ಯಾಪಾರ. "ನೀನೂ ಮಾರೋಳೇ, ನಾನೂ ಮಾರೋನೇ. ಆದ್ರೆ ನಮ್ಮಲ್ಲಿ ಕಾಯಿನ ಕಿವಿ ಹತ್ರ ಹಿಡ್ದು ಅಲ್ಲಾಡಿಸಿದ್ರೆ ಒಳಗೆ ಕೊಬ್ಬರಿ ಒಣಗಿದೆಯಾ ಇಲ್ವಾ ಗೊತ್ತಾಗುತ್ತೆ. ನಿಂದನ್ನ ಅಲ್ಲಾಡ್ಸೋದು ಹೆಂಗೆ?" ಅಂದರು. ಮ್ಯಾನೇಜರ್‌ಗಳು, ಟ್ರೇನರ್‌ಗಳು ಎಲ್ಲರೂ ಸೇರಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಕೇಳಿಲ್ಲ.

ಮಾರುವುದಲ್ಲ, ಬಾಡಿಗೆಗೆ ಕೊಡುವುದು

ನಾನು ಮಾರುವುದು ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಬೇಕಾದ ಸಾಫ್ಟ್‌ವೇರ್‌. ಬಿಲ್ಲು, ಸ್ಟಾಕು, ಖರೀದಿ, ಯಾರಿಂದ ಎಷ್ಟು ಬಾಕಿ ಬರಬೇಕು ಇತ್ಯಾದಿ. ಹಾಗಾಗಿ ನನ್ನ ಓಡಾಟ ಹೊಳೆಯುವ ಟೆಕ್‌ ಪಾರ್ಕ್‌ಗಳಲ್ಲಿ ಕಡಿಮೆ. ಪೀಣ್ಯದ ಮಷಿನ್‌ ಶಾಪ್‌ಗಳು, ಹುಬ್ಬಳ್ಳಿ ಗೋಕುಲ ರಸ್ತೆಯ ವಾಲ್ವ್‌ ಕಾರ್ಖಾನೆಗಳು, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳು ನನ್ನ ಸೀಮೆ. ಲ್ಯಾಪ್‌ಟಾಪ್‌ ಬ್ಯಾಗಿನಲ್ಲಿ ಯಾವಾಗಲೂ ಒಂದು ಜೊತೆ ಹಳೇ ಶೂ ಇರುತ್ತದೆ. ಕಟಿಂಗ್‌ ಆಯಿಲ್‌ ಮೆತ್ತಿದ ನೆಲದ ಮೇಲೆ ಹೊಸ ಶೂ ಹಾಕಿಕೊಂಡು ಹೋದರೆ ಏನಾಗುತ್ತದೆ ಅಂತ ಮೊದಲ ವಾರವೇ ಗೊತ್ತಾಯಿತು.

ಹಿಂದೆ ಸಾಫ್ಟ್‌ವೇರ್‌ ಅಂದರೆ ಒಂದು ಸಲ ದುಡ್ಡು ಕೊಟ್ಟು, ಸಿ.ಡಿ. ತಗೊಂಡು ಹೋಗುವ ವಸ್ತು. ಈಗ ಬಹುಪಾಲು ಬಾಡಿಗೆ ಲೆಕ್ಕ. 1999ರಲ್ಲಿ ಅಮೆರಿಕದ ಸ್ಯಾನ್‌ ಫ್ರಾನ್ಸಿಸ್ಕೊದಲ್ಲಿ ಶುರುವಾದ ಸೇಲ್ಸ್‌ಫೋರ್ಸ್‌ ಕಂಪನಿ ಈ ಪದ್ಧತಿಯನ್ನು ಜನಪ್ರಿಯ ಮಾಡಿತು. ಇಂಟರ್ನೆಟ್‌ ಮೂಲಕ ಬಳಸಿ, ತಿಂಗಳಿಗೋ ವರ್ಷಕ್ಕೋ ಇಷ್ಟು ಅಂತ ಕಟ್ಟಿ, ಬೇಡವಾದರೆ ಬಿಡಿ. ತಮಾಷೆ ಎಂದರೆ ಅವರು ಮಾರಿದ್ದೇ ಸೇಲ್ಸ್‌ನವರ ಮೇಲೆ ಕಣ್ಣಿಡುವ ಸಾಫ್ಟ್‌ವೇರ್‌. ಯಾರಿಗೆ ಫೋನ್‌ ಮಾಡಿದೆ, ಅವರು ಏನಂದರು, ಯಾವತ್ತು ಆರ್ಡರ್‌ ಬರುತ್ತದೆ, ಎಲ್ಲವನ್ನೂ ಅದರಲ್ಲಿ ತುಂಬಬೇಕು. ತುಂಬದಿದ್ದರೆ ನಾನು ಕೆಲಸವೇ ಮಾಡಿಲ್ಲ ಅಂತ ಅರ್ಥ. ದಿನಕ್ಕೆ ಒಂದು ಗಂಟೆ ನನಗೆ ಇದಕ್ಕೇ ಹೋಗುತ್ತದೆ.

ಬಾಡಿಗೆ ಪದ್ಧತಿಯಿಂದ ನಮ್ಮ ಕೆಲಸದ ಸ್ವರೂಪವೇ ಬದಲಾಗಿದೆ. ಸುಳ್ಳು ಹೇಳಿ ಒಮ್ಮೆ ಮಾರಬಹುದು. ಮುಂದಿನ ವರ್ಷ ಅದೇ ತಿಂಗಳು ಅದೇ ಮನುಷ್ಯ ಫೋನ್‌ ಎತ್ತಿ, "ಮೇಡಂ, ನಮ್ಗೆ ರಿನ್ಯೂವಲ್‌ ಬೇಡ" ಅನ್ನುತ್ತಾನೆ. ಅಲ್ಲಿಗೆ ಕಂಪನಿ ಆ ಗಿರಾಕಿಯನ್ನು ಹುಡುಕಲು ಸುರಿದ ಖರ್ಚೂ ಹೋಯಿತು.

ಫೋನ್‌ ಎತ್ತದವರ ಲೋಕ

ನನ್ನ ಶುರುವಿನ ಎರಡು ವರ್ಷ ಬರೀ ಫೋನ್‌. ದಿನಕ್ಕೆ 60 ಕಾಲ್‌. ಎತ್ತುವವರು ಹತ್ತು ಹನ್ನೆರಡು ಮಂದಿ. ಅದರಲ್ಲಿ ಅರ್ಧ "ಮೀಟಿಂಗ್‌ನಲ್ಲಿದೀನಿ". ಫ್ಯಾಕ್ಟರಿಯ ಹಿಂದೆ ಲೇತ್‌ ತಿರುಗುವ ಸದ್ದು ನನಗೆ ಕೇಳುತ್ತಲೇ ಇರುತ್ತದೆ, ಆದರೂ ಮೀಟಿಂಗು. ಉಳಿದವರಲ್ಲಿ ಒಬ್ಬರೋ ಇಬ್ಬರೋ "ಸರಿ, ಬಂದು ತೋರಿಸಿ" ಎನ್ನುತ್ತಾರೆ. ಆ ಇಬ್ಬರಿಗಾಗಿ ಉಳಿದ 58 ಸಲ ಬೇಡ ಅನ್ನಿಸಿಕೊಳ್ಳುವ ಕೆಲಸವಿದು.

ಈಗ ಟ್ರೂಕಾಲರ್‌ ಬಂದ ಮೇಲೆ ನಮ್ಮ ಹೆಸರಿನ ಮುಂದೆ ಕೆಂಪು ಬಣ್ಣ ಬೀಳುತ್ತದೆ. ತಪ್ಪು ಅನ್ನಲಾರೆ. ಸಾಲದ ಕಾಲು, ಸೈಟಿನ ಕಾಲು, ಕ್ರೆಡಿಟ್‌ ಕಾರ್ಡಿನ ಕಾಲು ಎತ್ತಿ ಎತ್ತಿ ನನಗೂ ಸಾಕಾಗಿದೆ. ಪ್ರಚಾರದ ಕರೆಗಳಿಗೆ ಟ್ರಾಯ್‌ 140ರಿಂದ ಶುರುವಾಗುವ ಪ್ರತ್ಯೇಕ ನಂಬರ್‌ ಕೊಟ್ಟಿದೆ; ಬೇಡವೆನ್ನುವವರು 1909ರಲ್ಲಿ ಡಿಎನ್‌ಡಿ ನೋಂದಾಯಿಸಬಹುದು. ಹೀಗಾಗಿ ಈಗ ಅಪರಿಚಿತರಿಗೆ ಸುಮ್ಮನೆ ಫೋನ್‌ ಮಾಡುವುದಕ್ಕಿಂತ ಪರಿಚಯದವರ ಮೂಲಕ ಹೋಗುವುದೇ ಹೆಚ್ಚು. ಪೀಣ್ಯದಲ್ಲಿ ಒಬ್ಬ ಆಡಿಟರ್‌ "ಈ ಹುಡುಗಿ ಪರವಾಗಿಲ್ಲ" ಅಂದರೆ ಅದು ನೂರು ಕಾಲ್‌ಗೆ ಸಮ.

ಮಾತು ಶುರುವಾಗುವುದಕ್ಕೆ ಸರ್ಕಾರದ ಕಾನೂನುಗಳೂ ಸಹಾಯ ಮಾಡಿವೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆಮೇಲೆ ಇ-ಇನ್‌ವಾಯ್ಸ್‌ ಬಂತು. 2020ರಲ್ಲಿ 500 ಕೋಟಿಗೂ ಹೆಚ್ಚು ವಹಿವಾಟಿನ ದೊಡ್ಡವರಿಗೆ ಮಾತ್ರ ಇದ್ದ ನಿಯಮ ಮೆಟ್ಟಿಲಿಳಿದು ಬಂದು, 2023ರ ಆಗಸ್ಟ್‌ 1ರಿಂದ 5 ಕೋಟಿ ಮೀರಿದವರಿಗೂ ಕಡ್ಡಾಯವಾಯಿತು. ಆ ಜುಲೈ ತಿಂಗಳಿಡೀ ನಮ್ಮ ಫೋನ್‌ಗಳೇ ರಿಂಗಣಿಸುತ್ತಿದ್ದವು. ಏಳು ವರ್ಷದಲ್ಲಿ ಗಿರಾಕಿಗಳೇ ನಮ್ಮನ್ನು ಹುಡುಕಿಕೊಂಡು ಬಂದ ತಿಂಗಳು ಅದೊಂದೇ.

ಆಷಾಢಕ್ಕೆ ಸಾಫ್ಟ್‌ವೇರ್‌ನಲ್ಲಿ ಜಾಗವಿಲ್ಲ

ನಮ್ಮ ಸಿಸ್ಟಂನಲ್ಲಿ ಪ್ರತಿ ಗಿರಾಕಿಯ ಮುಂದೆ 'ಆರ್ಡರ್‌ ಬರುವ ದಿನಾಂಕ' ಅಂತ ಒಂದು ಖಾನೆ ಇದೆ. ಆ ಖಾನೆ ಮಾಡಿದವರಿಗೆ ಅಮಾವಾಸ್ಯೆ ಗೊತ್ತಿಲ್ಲ. ಜುಲೈ ಎಂದರೆ ನಮ್ಮ ಕಂಪನಿಗೆ ಎರಡನೇ ಕ್ವಾರ್ಟರ್‌ನ ಆರಂಭ. ದಾವಣಗೆರೆಯ ಯಜಮಾನರಿಗೆ ಆಷಾಢ. "ಶ್ರಾವಣ ಬರ್ಲಿ ಮೇಡಂ, ಹೊಸದು ಯಾವುದೂ ಈಗ ಬೇಡ" ಅಂದರೆ ಮುಗಿಯಿತು. ಇದನ್ನು ಗುರುಗ್ರಾಮದಲ್ಲಿ ಕೂತ ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಕೊನೆಗೆ 'ಕಸ್ಟಮರ್‌ ಟೈಮ್‌ಲೈನ್‌ ಇಶ್ಯೂ' ಅಂತ ಬರೆದೆ.

ಇದೇ ಪಂಚಾಂಗ ಕೈಹಿಡಿಯುವುದೂ ಉಂಟು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುವ ಪದ್ಧತಿ ವ್ಯಾಪಾರಸ್ಥರಲ್ಲಿ ಇನ್ನೂ ಇದೆ. ಹುಬ್ಬಳ್ಳಿಯ ಹಿರಿಯರೊಬ್ಬರು ಎರಡು ತಿಂಗಳು ಸತಾಯಿಸಿದವರು ದೀಪಾವಳಿ ಹತ್ತಿರ ಬಂದಾಗ ತಾವೇ ಫೋನ್‌ ಮಾಡಿದರು. "ತಂಗಿ, ಪಾಡ್ಯದ ದಿನ ಪೂಜಾಕ್ಕ ಇಡಬೇಕು, ಅಷ್ಟರಾಗ ನಿಮ್ದು ಹಾಕಿ ಕೊಡ್ರಿ." ಲ್ಯಾಪ್‌ಟಾಪ್‌ಗೆ ಅರಿಶಿನ ಕುಂಕುಮ ಹಚ್ಚಿ, ಹೂ ಇಟ್ಟು, ಮೊದಲ ಬಿಲ್‌ನ ಮೇಲೆ ಶ್ರೀ ಬರೆದು ಮುದ್ರಿಸಿದರು. ರೇಟಿನ ವಿಷಯ ಬಂದಾಗ ಮಾತ್ರ, "ರೊಕ್ಕ ಎಲ್ಲಿ ಓಡಿ ಹೋಗ್ತೈತ್ರಿ?" ಅಂದು ಮೂರು ಕಂತು ಮಾಡಿಸಿಕೊಂಡರು.

ಅವರ ಕಷ್ಟವೂ ಸುಳ್ಳಲ್ಲ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ದೊಡ್ಡ ಕಂಪನಿಗಳಿಗೆ ಮಾಲು ಹಾಕಿ 90 ದಿನ, 120 ದಿನ ಕಾಯುವವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಅವರ ಬಾಕಿ ಪಟ್ಟಿ ನನ್ನ ಕಣ್ಣೆದುರೇ ಇರುತ್ತದಲ್ಲ. ವರ್ಷದ ಹಣ ಮುಂಗಡ ಕೊಡಿ ಅಂತ ಕೇಳುವಾಗ ಗಂಟಲು ಸ್ವಲ್ಪ ಒಣಗುತ್ತದೆ.

ಕ್ವಾರ್ಟರ್‌ ಎಂಡ್‌

ಗಂಡಿನ ಕಡೆಯವರ ಪ್ರಶ್ನೆಗೆ ಬರೋಣ. ನನ್ನ ಸಂಬಳದಲ್ಲಿ 70 ಭಾಗ ಖಾಯಂ, 30 ಭಾಗ ಟಾರ್ಗೆಟ್‌ ಮೇಲೆ. ಅಂದರೆ ಆಫರ್‌ ಲೆಟರ್‌ನಲ್ಲಿ 12 ಲಕ್ಷ ಅಂತಿದ್ದರೆ ಅದರಲ್ಲಿ 3 ಲಕ್ಷ 60 ಸಾವಿರ ಕಾಗದದ ಮೇಲಿನದು. ಮಾರಿದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕೆಲವು ಕಡೆ ಅರ್ಧಕ್ಕರ್ಧ. ಜೊತೆಗೆ ಟಾರ್ಗೆಟ್‌ನ ಇಷ್ಟು ಶೇಕಡಾ ಮುಟ್ಟದಿದ್ದರೆ ಆ ಕ್ವಾರ್ಟರ್‌ನ ಇನ್ಸೆಂಟಿವ್‌ ಸೊನ್ನೆ ಎಂಬ ಷರತ್ತು ಇರುತ್ತದೆ. ಮನೆ ಬಾಡಿಗೆಯನ್ನು 70ರ ಲೆಕ್ಕದಲ್ಲಿ ಹಿಡಿಯಬೇಕೇ ಹೊರತು 100ರ ಲೆಕ್ಕದಲ್ಲಲ್ಲ. ಈ ಒಂದು ಬುದ್ಧಿ ನನಗೆ ಹೇಳಿದ್ದು ಅಪ್ಪ. "ಮಳೆ ನಂಬ್ಕೊಂಡು ಸಾಲ ಮಾಡ್ಬೇಡ" ಅಂತ.

ಮಾರ್ಚ್‌ ಕೊನೆಯ ವಾರ ನಮ್ಮ ಆಫೀಸು ಮದುವೆ ಮನೆ. ರಾತ್ರಿ ಹನ್ನೊಂದಕ್ಕೂ ಲೈಟು ಉರಿಯುತ್ತಿರುತ್ತದೆ. ಒಳ್ಳೆಯ ಗಿರಾಕಿಗಳಿಗೆ ಇದು ಚೆನ್ನಾಗಿ ಗೊತ್ತು. ಜನವರಿಯಲ್ಲೇ ಎಲ್ಲ ಒಪ್ಪಿಕೊಂಡವರು ಮಾರ್ಚ್‌ 28ರವರೆಗೆ ಸುಮ್ಮನಿದ್ದು, ಆಮೇಲೆ "ಈಗ ಕೊನೇ ರೇಟು ಹೇಳಿ" ಎನ್ನುತ್ತಾರೆ. ಮಂಡಿಯಲ್ಲಿ ಸಂಜೆವರೆಗೂ ಕಾದು ಟೊಮೆಟೊ ತಗೊಳ್ಳುವವರ ಲೆಕ್ಕಾಚಾರ. ನೀವು ಕೊಳ್ಳುವ ಕಡೆಯವರಾದರೆ ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಮ್ಯಾನೇಜರ್‌ಗೆ ಹೇಳಬೇಡಿ.

ಅಕೌಂಟೆಂಟ್‌ ಕೇಳಿದ ಪ್ರಶ್ನೆ

ಇದೆಲ್ಲಾ ನಗುತ್ತಾ ಹೇಳಬಹುದಾದ ಕಷ್ಟಗಳು. ನಗಲಾಗದ್ದು ಒಂದಿದೆ.

ಎರಡು ವರ್ಷದ ಹಿಂದೆ ಪೀಣ್ಯದ ಒಂದು ಕಾರ್ಖಾನೆಗೆ ಡೆಮೊ ಕೊಡಲು ಹೋಗಿದ್ದೆ. ಪೌಡರ್‌ ಕೋಟಿಂಗ್‌ ಜಾಬ್‌ ವರ್ಕ್‌ ಮಾಡುವವರು, 40 ಜನ ಕೆಲಸಗಾರರು. ಮಾಲೀಕರು ಮೊದಲ ಮಾತಿಗೇ ಕೇಳಿದರು: "ಇದು ತಗೊಂಡ್ರೆ ಆಫೀಸಲ್ಲಿ ಎಷ್ಟು ಜನ ಕಮ್ಮಿ ಮಾಡ್ಬಹುದು?" ಅವರ ಪ್ರಶ್ನೆಯೂ ನ್ಯಾಯವೇ. ದುಡ್ಡು ಹಾಕುವವರು ಎಷ್ಟು ಉಳಿಯುತ್ತದೆ ಅಂತ ಕೇಳಲೇಬೇಕು. ನಮ್ಮ ಸ್ಲೈಡ್‌ನಲ್ಲೂ ಅದಕ್ಕೆ ಸಿದ್ಧ ಉತ್ತರವಿದೆ. 'ಮೂವರ ಕೆಲಸ ಒಬ್ಬರಿಂದ' ಅಂತ ದಪ್ಪ ಅಕ್ಷರದಲ್ಲಿ.

ಆ ಮೂವರೂ ಅದೇ ಕೋಣೆಯಲ್ಲಿ ಕೂತಿದ್ದರು. ಒಬ್ಬರು ಐವತ್ತು ದಾಟಿದ ಅಕೌಂಟೆಂಟ್‌. 22 ವರ್ಷದಿಂದ ಅಲ್ಲೇ ಇದ್ದವರು. ಇನ್ನಿಬ್ಬರು ಡೇಟಾ ಎಂಟ್ರಿಯ ಹುಡುಗಿಯರು. ಡೆಮೊ ಮುಗಿಯುವವರೆಗೂ ಅಕೌಂಟೆಂಟ್‌ ಒಂದೂ ಪ್ರಶ್ನೆ ಕೇಳಲಿಲ್ಲ. ಮಾಲೀಕರು ಫೋನ್‌ ಬಂತೆಂದು ಎದ್ದು ಹೋದಾಗ ಮೆಲ್ಲಗೆ, "ಚೆನ್ನಾಗಿದೆ ಮೇಡಂ. ಇದು ಬಂದ್ಮೇಲೆ ನಾನೇನ್‌ ಮಾಡ್ಲಿ?" ಅಂದರು. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ಅವರ ಮಗಳು ಪಿಯುಸಿ ಓದುತ್ತಿದ್ದಾಳೆ ಅಂತ ಟೀ ಕುಡಿಯುವಾಗ ಹೇಳಿದ್ದರು.

ಸಮಾಧಾನಕ್ಕೆ ಏನೋ ಒಂದು ಹೇಳಬಹುದಿತ್ತು. ಹೇಳಲಿಲ್ಲ. "ಎಂಟ್ರಿ ಮಾಡೋ ಕೆಲಸ ಕಮ್ಮಿ ಆಗುತ್ತೆ ಸರ್, ಅದು ಸತ್ಯ. ಉಳಿದ ಸಮಯದಲ್ಲಿ ಏನು ಮಾಡ್ಬಹುದು ಅಂತ ನಿಮ್ಮ ಲೆಡ್ಜರ್‌ ನೋಡಿ ಹೇಳ್ತೀನಿ" ಅಂದೆ. ಮರುದಿನ ಹೋಗಿ ಅವರ ಜೊತೆ ಮೂರು ಗಂಟೆ ಕೂತೆ. ಯಾವ ಗಿರಾಕಿ ಯಾವಾಗ ಹಣ ಕೊಡುತ್ತಾನೆ, ಯಾರಿಗೆ ಸೋಮವಾರ ಫೋನ್‌ ಮಾಡಬಾರದು, ಯಾರ ಚೆಕ್‌ಗೆ ಇಬ್ಬರ ಸಹಿ ಬೇಕು, ಯಾವ ಚಲನ್‌ನಲ್ಲಿ ಹೋದ ಮಾಲು ಇನ್ನೂ ವಾಪಸ್‌ ಬಂದಿಲ್ಲ, ಎಲ್ಲವೂ ಅವರ ತಲೆಯಲ್ಲಿತ್ತು. ಅದ್ಯಾವುದೂ ನಮ್ಮ ಸಾಫ್ಟ್‌ವೇರ್‌ಗೆ ಗೊತ್ತಿರಲಿಲ್ಲ. ಬರಬೇಕಾದ ಬಾಕಿಯಲ್ಲಿ ದೊಡ್ಡ ಪಾಲು 90 ದಿನ ದಾಟಿತ್ತು. ದಿನವಿಡೀ ಬಿಲ್‌ ಕುಟ್ಟುವುದರಲ್ಲಿ ಆ ಹಣ ಕೇಳಲು ಅವರಿಗೆ ಪುರುಸೊತ್ತೇ ಇರಲಿಲ್ಲ.

ಮಾಲೀಕರ ಮುಂದೆ 'ಮೂವರ ಕೆಲಸ ಒಬ್ಬರಿಂದ' ಸ್ಲೈಡ್‌ ತೆಗೆದು, ಬಾಕಿಯ ಪಟ್ಟಿಯನ್ನೇ ಇಟ್ಟೆ. "ಒಬ್ಬರ ಸಂಬಳ ಉಳಿಸೋದಕ್ಕಿಂತ ಇವರ ಕೈಲಿ ಈ ಬಾಕಿ ತರ್ಸೋದು ನಿಮಗೆ ಲಾಭ" ಅಂತ ಲೆಕ್ಕ ತೋರಿಸಿದೆ. ಅವರು ವ್ಯಾಪಾರಸ್ಥರು, ಕರುಣೆಗಿಂತ ಲೆಕ್ಕ ಬೇಗ ಅರ್ಥವಾಗುತ್ತದೆ. ಆರ್ಡರ್‌ ಬಂತು. ಅಕೌಂಟೆಂಟ್‌ ಈಗ ವಸೂಲಿ ನೋಡಿಕೊಳ್ಳುತ್ತಾರೆ, ಸಾಫ್ಟ್‌ವೇರ್‌ನಲ್ಲಿ ತೊಂದರೆಯಾದರೆ ನನಗೇ ಫೋನ್‌ ಮಾಡಿ ಬೈಯುತ್ತಾರೆ.

ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಆರು ತಿಂಗಳ ನಂತರ ಡೇಟಾ ಎಂಟ್ರಿಯ ಒಬ್ಬ ಹುಡುಗಿ ಮದುವೆಯಾಗಿ ಕೆಲಸ ಬಿಟ್ಟಳು. ಆ ಜಾಗಕ್ಕೆ ಬೇರೆ ಯಾರನ್ನೂ ತಗೊಳ್ಳಲಿಲ್ಲ. ಯಾರನ್ನೂ ತೆಗೆದುಹಾಕಲಿಲ್ಲ ನಿಜ. ಆದರೆ ಬಿ.ಕಾಂ. ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವ ಯಾವುದೋ ಹುಡುಗಿಗೆ ಸಿಗಬೇಕಿದ್ದ ಒಂದು ಕುರ್ಚಿ ಈಗ ಅಲ್ಲಿಲ್ಲ. ಆ ಕ್ವಾರ್ಟರ್‌ನ ಇನ್ಸೆಂಟಿವ್‌ನಲ್ಲಿ ನಾನು ಅಮ್ಮನಿಗೆ ವಾಷಿಂಗ್‌ ಮೆಷಿನ್‌ ಕೊಡಿಸಿದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಏನನ್ನಿಸಬೇಕು ಅಂತ ನನಗೆ ಇನ್ನೂ ತೀರ್ಮಾನವಾಗಿಲ್ಲ. ಕೃತಕ ಬುದ್ಧಿಮತ್ತೆ ಅಂತ ಹೊಸ ಸ್ಲೈಡ್‌ ಬಂದ ಮೇಲಂತೂ ಆ ಪ್ರಶ್ನೆ ಪ್ರತಿ ಡೆಮೊದಲ್ಲೂ ಯಾರಾದರೊಬ್ಬರ ಮುಖದ ಮೇಲೆ ಕಾಣಿಸುತ್ತದೆ. ಈಗೀಗ ನಮ್ಮ ಆಫೀಸಿನಲ್ಲೂ, ಫೋನ್‌ ಮಾಡುವ ಹೊಸ ಹುಡುಗರ ಮುಖದ ಮೇಲೆ.

'ಆಗಲ್ಲ' ಅನ್ನುವುದೂ ಸೇಲ್ಸ್‌

ಇನ್ನೊಂದು ಮಾತು. ನಮ್ಮಲ್ಲಿ 'ರೋಡ್‌ಮ್ಯಾಪ್‌ನಲ್ಲಿದೆ' ಎಂಬ ಪದಗುಚ್ಛವಿದೆ. ಗಿರಾಕಿ ಕೇಳಿದ ಸೌಲಭ್ಯ ನಮ್ಮಲ್ಲಿಲ್ಲದಿದ್ದರೆ ಹೀಗೆ ಹೇಳುತ್ತಾರೆ. ಕೆಲವೊಮ್ಮೆ ಅದು ನಿಜ. ಕೆಲವೊಮ್ಮೆ ಅದು ಸರ್ಕಾರಿ ಕಚೇರಿಯ "ಮುಂದಿನ ವಾರ ಬನ್ನಿ" ಇದ್ದ ಹಾಗೆ.

ದಾವಣಗೆರೆ ಕಡೆಯ ಒಬ್ಬ ಅಕ್ಕಿ ಗಿರಣಿಯವರಿಗೆ ತೂಕದ ಸೇತುವೆಯಿಂದ ಲಾರಿಯ ತೂಕ ನೇರ ಬಿಲ್ಲಿಗೆ ಬರಬೇಕಿತ್ತು. ನಮ್ಮಲ್ಲಿ ಅದಿರಲಿಲ್ಲ. ಕ್ವಾರ್ಟರ್‌ ಮುಗಿಯಲು ನಾಲ್ಕು ದಿನ. ರೋಡ್‌ಮ್ಯಾಪ್‌ ಅನ್ನು ಅಂತ ಮೇಲಿನಿಂದ ಸೂಚನೆ ಬಂತು. ನಾನು ಇಂಜಿನಿಯರ್‌ಗೆ ಫೋನ್‌ ಮಾಡಿ ಕೇಳಿದೆ. "ಒಂದು ವರ್ಷ ಅಂತೂ ಆಗಲ್ಲ" ಅಂದ. ಗಿರಣಿಯವರಿಗೆ ಅದನ್ನೇ ಹೇಳಿದೆ. ಅವರು ಬೇರೆ ಕಂಪನಿಯದ್ದು ತಗೊಂಡರು. ಆ ಸಲ ನನ್ನ ಟಾರ್ಗೆಟ್‌ ಶೇಕಡಾ 82ಕ್ಕೆ ನಿಂತಿತು. ಸಿನಿಮಾದಲ್ಲಾದರೆ ಅವರು ವರ್ಷದ ನಂತರ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬರಲಿಲ್ಲ. ಆದರೂ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಎದುರು ಸಿಕ್ಕರೆ ನಾನು ಮುಖ ತಪ್ಪಿಸಬೇಕಿಲ್ಲ. ಸಣ್ಣ ಊರುಗಳಲ್ಲಿ ವ್ಯಾಪಾರ ಮಾಡುವವರಿಗೆ ಇದು ಇನ್ಸೆಂಟಿವ್‌ಗಿಂತ ಕಡಿಮೆಯದ್ದಲ್ಲ.

ನಮ್ಮ ಬೆಂಗಳೂರಿನದ್ದೇ ಉದಾಹರಣೆ ಇದೆ. ಟ್ಯಾಲಿ ಹುಟ್ಟಿದ್ದು 1986ರಲ್ಲಿ. ಜವಳಿ ಗಿರಣಿಗಳಿಗೆ ಬಿಡಿಭಾಗ, ಕಚ್ಚಾ ಸಾಮಗ್ರಿ ಪೂರೈಸುತ್ತಿದ್ದ ಶ್ಯಾಮ್‌ ಸುಂದರ್‌ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್‌ ಸಿಗಲಿಲ್ಲ. ಮಗ ಭರತ್‌ ಗೋಯೆಂಕಾ ಬರೆದುಕೊಟ್ಟರು. ಮೊದಲ ಗಿರಾಕಿ ಅಪ್ಪನೇ. ಸುಳ್ಳು ಹೇಳಿದರೆ ರಾತ್ರಿ ಊಟಕ್ಕೆ ಅದೇ ಗಿರಾಕಿಯ ಎದುರು ಕೂರಬೇಕು. ನಾನು ಹೊಸ ಹುಡುಗರಿಗೆ ಟ್ರೇನಿಂಗ್‌ ಕೊಡುವಾಗ ಹೇಳುವುದು ಇಷ್ಟೇ: ಎದುರು ಕೂತವರು ಅಪ್ಪ ಅಂದುಕೊಂಡು ರೇಟು ಹೇಳಿ.

ಈ ಕೆಲಸಕ್ಕೆ ಬರಬೇಕು ಅಂದುಕೊಂಡಿರುವವರಿಗೆ ಎರಡು ಮಾತು. ಇಂಟರ್‌ವ್ಯೂನಲ್ಲಿ "ಕಳೆದ ವರ್ಷ ನಿಮ್ಮ ಟೀಮ್‌ನಲ್ಲಿ ಎಷ್ಟು ಜನ ಟಾರ್ಗೆಟ್‌ ಮುಟ್ಟಿದರು?" ಅಂತ ನೀವೇ ಕೇಳಿ. ಉತ್ತರ ತಡವರಿಸಿದರೆ 30 ಭಾಗ ಮರೆತುಬಿಡಿ. ಕನ್ನಡ ಚೆನ್ನಾಗಿ ಬಂದರೆ ಅದನ್ನು ರೆಸ್ಯೂಮೆಯ ಕೊನೇ ಸಾಲಿನಲ್ಲಿ ಮುಚ್ಚಿಡಬೇಡಿ. ಇಂಗ್ಲಿಷಿನಲ್ಲಿ "ವಿಲ್‌ ಗೆಟ್‌ ಬ್ಯಾಕ್‌" ಅನ್ನುವ ಅದೇ ಯಜಮಾನರು ಕನ್ನಡದಲ್ಲಿ ತಮ್ಮ ನಿಜವಾದ ಕಷ್ಟ ಹೇಳುತ್ತಾರೆ.

ಈ ಕೆಲಸ ಬೇಡ ಅನ್ನುವವರಿಗೂ ಒಂದು ಕೋರಿಕೆ. ಮುಂದಿನ ಸಲ ನಮ್ಮಂಥವರು ಫೋನ್‌ ಮಾಡಿದಾಗ ಬೇಡವಾಗಿದ್ದರೆ "ನೋಡೋಣ", "ಮುಂದಿನ ತಿಂಗಳು ಮಾಡಿ" ಅನ್ನಬೇಡಿ. ನಿಮ್ಮ ಆ ದಾಕ್ಷಿಣ್ಯ ನಮ್ಮ ಸಿಸ್ಟಂನಲ್ಲಿ ಶೇಕಡಾ 40 ಆರ್ಡರ್‌ ಬರುವ ಸಾಧ್ಯತೆ ಅಂತ ಬಿದ್ದು, ಮೂರು ತಿಂಗಳು ನಿಮ್ಮನ್ನೂ ನಮ್ಮನ್ನೂ ಕಾಡುತ್ತದೆ. "ಬೇಡಮ್ಮ, ಥ್ಯಾಂಕ್ಸ್‌" ಅಂದುಬಿಡಿ. ನಮಗೆ ಬೇಜಾರಾಗಲ್ಲ. ಪಟ್ಟಿಯಲ್ಲಿ ಇನ್ನೂ 57 ಹೆಸರು ಇರುತ್ತವೆ.